ಜಂಪ್ ಸ್ಕೇರ್‌ಗಿಂತ ಸೈಕಲಾಜಿಕಲ್ ಹಾರರ್ ಗೇಮ್‌ಗಳೇ ಏಕೆ ಹೆಚ್ಚು ಕಾಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರಿನ ಕಡೆ ಹಾರರ್ ಗೇಮ್ ಆಡುವವರಿಗಿಂತ ಅದರ ಬಗ್ಗೆ ಪ್ರಶ್ನೆ ಕೇಳುವವರೇ ಹೆಚ್ಚು. ಹಾಸ್ಟೆಲಿನ ಹುಡುಗರು, ಅವರ ಮನೆಯವರು, ಮಳೆಗಾಲದ ಸಂಜೆಗಳನ್ನು ಎಸ್ಟೇಟಿನ ಮನೆಯೊಳಗೇ ಕಳೆಯಬೇಕಾದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಆಟಗಳ ಗುಟ್ಟನ್ನು ಆದಷ್ಟು ಮಟ್ಟಿಗೆ ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಡಬೇಕಾದ ಕಡೆ ಮೊದಲೇ ಸೂಚನೆ ಕೊಡಲಾಗಿದೆ.

ಜಂಪ್ ಸ್ಕೇರ್‌ಗೂ ಸೈಕಲಾಜಿಕಲ್ ಹಾರರ್‌ಗೂ ಇರುವ ವ್ಯತ್ಯಾಸವೇನು?

ಏನೂ ಇಲ್ಲದ ಪರದೆಯ ಮೇಲೆ ಒಮ್ಮೆಲೇ ವಿಕಾರವಾದ ಮುಖವೊಂದು ನುಗ್ಗಿ ಬಂದು, ಜತೆಗೆ ಕಿವಿಗಡಚಿಕ್ಕುವ ಸದ್ದೂ ಬಡಿದರೆ ಅದು ಜಂಪ್ ಸ್ಕೇರ್. ಸೈಕಲಾಜಿಕಲ್ ಹಾರರ್ ಆಟದಲ್ಲಿ ಅಂಥ ಮುಖ ಬರಬಹುದು, ಬಾರದೆಯೂ ಇರಬಹುದು. ಅದರ ಭಾರವೆಲ್ಲ ನಿಂತಿರುವುದು ಅನುಮಾನ, ಒಂಟಿತನ, ಪಾಪಪ್ರಜ್ಞೆ, ತಾನು ಕಂಡದ್ದು ನಿಜವೋ ಸುಳ್ಳೋ ಎಂಬ ಗೊಂದಲ ಇಂಥವುಗಳ ಮೇಲೆ. ಮೊದಲನೆಯದರಲ್ಲಿ ಹೆದರಿಸುವ ಕೆಲಸವನ್ನು ಆಟ ಮಾಡುತ್ತದೆ. ಎರಡನೆಯದರಲ್ಲಿ ಆ ಕೆಲಸದ ಬಹುಪಾಲನ್ನು ಆಟಗಾರ ತಾನೇ ಮಾಡಿಕೊಳ್ಳುತ್ತಾನೆ. ಆಟ ಬೇಕಾದ ಸಾಮಗ್ರಿಯನ್ನು ಒದಗಿಸಿ ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಬೆಚ್ಚಿಬೀಳುವುದೂ ಹೆದರುವುದೂ ಒಂದೇ ಅಲ್ಲವೇ?

ಒಂದೇ ಅಲ್ಲ. ಹಠಾತ್ ಸದ್ದು ಕಿವಿಗೆ ಬಿದ್ದ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೇ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಅದರ ಹಿಂದೆಯೇ ಕತ್ತು ಕುಗ್ಗಿ ಭುಜ ಮೇಲೇಳುತ್ತದೆ. ಇದು ಮಿದುಳುಕಾಂಡದ ಮಟ್ಟದಲ್ಲಿಯೇ ಮುಗಿದುಹೋಗುವ ಪ್ರತಿವರ್ತನೆಯಾದ್ದರಿಂದ ಅಲ್ಲಿ ಯೋಚನೆಗೆ ಎಡೆಯೇ ಇರುವುದಿಲ್ಲ. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೂ ಮೈ ಇಷ್ಟೇ ಬೆಚ್ಚುತ್ತದೆ, ಹಾಗೆಂದು ತಟ್ಟೆಯನ್ನು ಕಂಡರೆ ಯಾರಿಗೂ ಭಯವಿಲ್ಲ. ಅದೂ ಅಲ್ಲದೆ ಒಂದೇ ಬಗೆಯ ಆಘಾತ ಮತ್ತೆ ಮತ್ತೆ ಬಂದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲ ಸಲ ಕುರ್ಚಿಯಿಂದ ಎಬ್ಬಿಸಿದ ಮುಖ ಸ್ವಲ್ಪ ಹೊತ್ತಿನ ನಂತರ ಕಿರಿಕಿರಿಯನ್ನಷ್ಟೇ ತರುತ್ತದೆ.

ಈ ಭೇದವನ್ನು ನಮ್ಮ ನಾಟ್ಯಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಭರತ ಭಯವನ್ನು ಎಂಟು ಸ್ಥಾಯಿಭಾವಗಳಲ್ಲಿ, ಅಂದರೆ ಮನಸ್ಸಿನಲ್ಲಿ ನೆಲೆನಿಲ್ಲುವ ಭಾವಗಳಲ್ಲಿ ಒಂದೆಂದು ಎಣಿಸಿ, ಭಯಾನಕ ರಸಕ್ಕೆ ಅದನ್ನೇ ಆಧಾರವಾಗಿಟ್ಟ. ಮಿಂಚು, ಸಿಡಿಲು, ಮೇಘಗರ್ಜನೆಗಳಿಂದ ಹುಟ್ಟುವ ತ್ರಾಸವನ್ನು ಮಾತ್ರ 33 ವ್ಯಭಿಚಾರಿಭಾವಗಳ ಪಟ್ಟಿಗೆ, ಅಂದರೆ ಬಂದು ಹೋಗುವ ಭಾವಗಳ ಪಟ್ಟಿಗೆ ಸೇರಿಸಿದ. ಬಂದು ಹೋಗುವ ಭಾವ ಸ್ಥಾಯಿಯನ್ನು ಪೋಷಿಸಬಲ್ಲದೇ ಹೊರತು ತಾನೊಂದೇ ನಿಂತು ರಸವಾಗಲಾರದು. ಜಂಪ್ ಸ್ಕೇರ್‌ಗಳನ್ನೇ ಒಂದರ ಹಿಂದೊಂದು ಪೋಣಿಸಿ ಮಾಡಿದ ಆಟಗಳು ಏಕೆ ಟೊಳ್ಳೆನಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ವಿವರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಾಗಾದರೆ ಜಂಪ್ ಸ್ಕೇರ್ ಇರುವ ಆಟಗಳೆಲ್ಲ ಕಳಪೆಯೇ?

ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಕಾರಿಡಾರಿನ ಕಿಟಕಿಗಾಜು ಒಡೆದುಕೊಂಡು ನಾಯಿಗಳು ಒಳಗೆ ಹಾರುವ ಗಳಿಗೆ ಶುದ್ಧ ಜಂಪ್ ಸ್ಕೇರ್. ಆದರೆ ಅದರ ನಿಜವಾದ ಬೆಲೆ ತಿಳಿಯುವುದು ಆಮೇಲೆ, ಕಿಟಕಿಯಿರುವ ಪ್ರತಿಯೊಂದು ಕಾರಿಡಾರಿನಲ್ಲೂ ಆಟಗಾರ ಹೆಜ್ಜೆ ನಿಧಾನಿಸತೊಡಗಿದಾಗ. 2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಜಂಪ್ ಸ್ಕೇರ್‌ಗೇ ಹೆಸರಾದ ಆಟ. ಆದರೂ ಅಲ್ಲಿ ರಾತ್ರಿ ಕಾವಲುಗಾರನಾಗಿ ಕುಳಿತವನನ್ನು ಕಾಡುವುದು ಕ್ಯಾಮೆರಾದಲ್ಲಿ ಈಗಷ್ಟೇ ಕಂಡಿದ್ದ ಗೊಂಬೆ ಈಗ ಆ ಜಾಗದಲ್ಲಿಲ್ಲ ಎಂಬ ಅರಿವು, ಮತ್ತು ಬಾಗಿಲು ಮುಚ್ಚಿಟ್ಟಷ್ಟೂ ಹೊತ್ತು ಕರಗುತ್ತ ಹೋಗುವ ವಿದ್ಯುತ್ತಿನ ಲೆಕ್ಕ. ಕೊನೆಗೆ ಕಿರುಚಿಕೊಂಡು ಬರುವ ಮುಖ ಆ ಲೆಕ್ಕ ತಪ್ಪಿದ್ದಕ್ಕೆ ಕೊಡುವ ರಸೀದಿ ಮಾತ್ರ.

ಮೊದಲೇ ಭಯದಲ್ಲಿರುವ ಪ್ರಾಣಿ ಹಠಾತ್ ಸದ್ದಿಗೆ ಹೆಚ್ಚು ಜೋರಾಗಿ ಬೆಚ್ಚುತ್ತದೆ ಎಂಬುದು 1950ರ ದಶಕದಿಂದಲೂ ಪ್ರಯೋಗಗಳಲ್ಲಿ ಕಂಡುಬಂದಿರುವ ಸಂಗತಿ. ಎಂದರೆ ಒಳ್ಳೆಯ ಜಂಪ್ ಸ್ಕೇರ್ ಕೂಡ ನಿಧಾನವಾಗಿ ಕಟ್ಟಿದ ಭಯದ ಸಾಲದಲ್ಲೇ ಬದುಕುತ್ತದೆ. ನನ್ನ ಆಕ್ಷೇಪವಿರುವುದು ಕಟ್ಟುವ ಶ್ರಮವನ್ನೇ ತೆಗೆದುಕೊಳ್ಳದೆ ಬರೀ ಸದ್ದನ್ನು ಏರಿಸುವ ಆಟಗಳ ಬಗ್ಗೆ.

ಹೆದರಬೇಕೆಂದರೆ ಸಿನಿಮಾ ಇದೆಯಲ್ಲ. ಗೇಮಿನಲ್ಲಿ ಹೆಚ್ಚಿನದೇನಿದೆ?

ಸಿನಿಮಾದಲ್ಲಿ ಬಾಗಿಲು ತೆರೆಯುವವರು ಬೇರೆ ಯಾರೋ. ನಾವು ಕೈಬೆರಳುಗಳ ಸಂದಿಯಿಂದ ನೋಡುತ್ತಿದ್ದರೂ ಅವರು ತೆರೆದೇ ತೆರೆಯುತ್ತಾರೆ. ಗೇಮಿನಲ್ಲಿ ಆ ಬಾಗಿಲನ್ನು ನಾವೇ ತೆರೆಯಬೇಕು. ತೆರೆಯದೆ ಗಂಟೆಗಟ್ಟಲೆ ನಿಂತರೂ ಕತೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ಹೊರತಂದ ಅಮ್ನೀಶಿಯಾ: ದಿ ಡಾರ್ಕ್ ಡಿಸೆಂಟ್ ಈ ಅಂಶವನ್ನು ಕೈಬೆರಳಿನ ತುದಿಗೇ ತಂದಿಟ್ಟಿತು. ಅಲ್ಲಿ ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಬಾಗಿಲು ತೆರೆದುಕೊಳ್ಳುವುದಿಲ್ಲ. ಮೌಸಿನ ಗುಂಡಿಯನ್ನು ಅದುಮಿ ಹಿಡಿದು, ಕೈಯನ್ನು ನಿಜವಾಗಿಯೂ ಹಿಂದಕ್ಕೋ ಮುಂದಕ್ಕೋ ಸರಿಸಿ ಬಾಗಿಲನ್ನು ಎಳೆಯಬೇಕು. ಹಾಗಾಗಿ ಒಂದು ಬೆರಳಿನಷ್ಟು ಮಾತ್ರ ತೆರೆದು ಒಳಗೆ ಇಣುಕಬಹುದು, ಹೆದರಿಕೆಯಾದರೆ ದಡಕ್ಕನೆ ಮುಚ್ಚಬಹುದು, ಆ ಗಾಬರಿಯಲ್ಲಿ ತಳ್ಳಬೇಕಾದ ಬಾಗಿಲನ್ನು ಎಳೆಯಲೂಬಹುದು. ಕೈಯಲ್ಲಿ ಆಯುಧವಿಲ್ಲ. ಇರುವುದು ಎಣ್ಣೆ ತೀರುತ್ತ ಬರುವ ಒಂದು ಲಾಂದ್ರ. ಕತ್ತಲಲ್ಲಿ ಅವಿತರೆ ಪಾತ್ರದ ಬುದ್ಧಿಸ್ಥಿಮಿತ ಕೆಡುತ್ತದೆ, ಬೆಳಕು ಹಚ್ಚಿದರೆ ರಾಕ್ಷಸನ ಕಣ್ಣಿಗೆ ಬೀಳುವ ಅಪಾಯವಿದೆ, ರಾಕ್ಷಸನನ್ನು ದಿಟ್ಟಿಸಿ ನೋಡಿದರೂ ಬುದ್ಧಿ ಮಂಕಾಗುತ್ತದೆ. ನೋಡಲೇಬೇಕೆಂಬ ಕುತೂಹಲವನ್ನೂ ನೋಡಬಾರದೆಂಬ ನಿಯಮವನ್ನೂ ಒಟ್ಟಿಗೆ ಇಟ್ಟದ್ದು ಈ ಆಟದ ಜಾಣತನ.

ಅದೇ ಆಟದಲ್ಲಿ ನೀರು ತುಂಬಿದ ನೆಲಮಾಳಿಗೆಯ ಭಾಗವೊಂದಿದೆ. ಅಲ್ಲಿರುವ ಜೀವಿ ಕಣ್ಣಿಗೆ ಕಾಣುವುದೇ ಇಲ್ಲ. ಅದು ಹೆಜ್ಜೆಯಿಟ್ಟ ಕಡೆ ನೀರು ಚಿಮ್ಮುವುದು ಮಾತ್ರ ಕಾಣುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತ ಸಾಗುವಾಗ ಕಾಲು ನೀರಿಗೆ ತಾಗಿತೋ, ಚಿಮ್ಮುವಿಕೆ ನಮ್ಮ ಕಡೆಗೆ ತಿರುಗುತ್ತದೆ. ಚಿತ್ರಿಸಿದ ರಾಕ್ಷಸ ಇಲ್ಲದೆಯೇ ಇಷ್ಟು ಭಯ ಹುಟ್ಟಿಸಿದ ಇನ್ನೊಂದು ದೃಶ್ಯ ನನಗೆ ಸುಲಭಕ್ಕೆ ನೆನಪಾಗುವುದಿಲ್ಲ.

ಆಟ ನಿಜವಾಗಿ ಏನನ್ನೂ ಮಾಡದೆ ಹೆದರಿಸಲು ಸಾಧ್ಯವೇ?

ಸಾಧ್ಯ, ಇದಕ್ಕೆ ಎರಡು ಒಳ್ಳೆಯ ಉದಾಹರಣೆಗಳಿವೆ. ಇಲ್ಲಿ ಗುಟ್ಟು ಹೊರಬೀಳುವುದರಿಂದ, ಹೆಲ್‌ಬ್ಲೇಡ್ ಆಡಬೇಕೆಂದಿರುವವರು ಮುಂದಿನ ಪ್ರಶ್ನೆಗೆ ಹೋಗುವುದು ಒಳ್ಳೆಯದು.

2017ರ ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್ ಆರಂಭದಲ್ಲಿಯೇ ಒಂದು ಎಚ್ಚರಿಕೆ ಕೊಡುತ್ತದೆ: ಸೋತಾಗಲೆಲ್ಲ ನಾಯಕಿಯ ತೋಳಿನಲ್ಲಿರುವ ಕಪ್ಪು ಕೊಳೆ ಮೇಲಕ್ಕೇರುತ್ತದೆ, ಅದು ತಲೆಯನ್ನು ಮುಟ್ಟಿದರೆ ಇಲ್ಲಿಯವರೆಗೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ ಎಂದು. ಆ ಬೆದರಿಕೆ ಹುಸಿ. ಎಷ್ಟು ಸಲ ಸೋತರೂ ಏನೂ ಅಳಿಸಿಹೋಗುವುದಿಲ್ಲ ಎಂಬುದನ್ನು ಆಟಗಾರರೇ ಪರೀಕ್ಷಿಸಿ ಕಂಡುಕೊಂಡರು. ಆದರೆ ಆ ಒಂದು ಸಾಲಿನ ದೆಸೆಯಿಂದ ಪ್ರತಿಯೊಂದು ಕಾಳಗದಲ್ಲೂ ಕೈ ಬೆವರುತ್ತದೆ. ಇನ್ನೊಂದು, ಫ್ರಿಕ್ಷನಲ್‌ನವರೇ 2015ರಲ್ಲಿ ಮಾಡಿದ ಸೋಮಾ. ಸಮುದ್ರದ ತಳದಲ್ಲಿರುವ ಸಂಶೋಧನಾ ನೆಲೆಯೊಂದರಲ್ಲಿ, ಮನುಷ್ಯನ ಪ್ರಜ್ಞೆಯನ್ನು ನಕಲು ಮಾಡಿದರೆ ಆ ನಕಲು ನಾನೇ ಆಗುತ್ತೇನೆಯೇ ಎಂಬ ಪ್ರಶ್ನೆಯ ಸುತ್ತ ಕಟ್ಟಿದ ಆಟವಿದು. 2017ರಲ್ಲಿ ಅದಕ್ಕೆ ಸೇಫ್ ಮೋಡ್ ಸೇರಿಸಿದರು. ಅದನ್ನು ಆರಿಸಿಕೊಂಡರೆ ರಾಕ್ಷಸರು ಸುಳಿದಾಡುತ್ತಾರೆಯೇ ಹೊರತು ಆಟಗಾರನನ್ನು ಕೊಲ್ಲುವುದಿಲ್ಲ. ಹಾಗೆ ಆಡಿದರೂ ಸೋಮಾದ ಮುಖ್ಯವಾದ ಭಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ, ಏಕೆಂದರೆ ಅದು ರಾಕ್ಷಸರಲ್ಲಿ ಇರಲೇ ಇಲ್ಲ.

ಎಲ್ಲರೂ ಸೈಲೆಂಟ್ ಹಿಲ್ ಹೆಸರನ್ನೇ ಏಕೆ ಎತ್ತುತ್ತಾರೆ?

ಕೊನಾಮಿ ಸಂಸ್ಥೆಯ ಮೊದಲ ಸೈಲೆಂಟ್ ಹಿಲ್ ಪ್ಲೇಸ್ಟೇಷನ್‌ನಲ್ಲಿ ಬಂದದ್ದು 1999ರಲ್ಲಿ. ಕತೆ ನಡೆಯುವ ಸೈಲೆಂಟ್ ಹಿಲ್ ಎಂಬ ಇಡೀ ಊರನ್ನು ದೂರದವರೆಗೆ ಚಿತ್ರಿಸುವ ಶಕ್ತಿ ಆ ಗೇಮ್ ಯಂತ್ರಕ್ಕೆ ಇರಲಿಲ್ಲ. ಆ ಕೊರತೆಯನ್ನು ಮುಚ್ಚಲು ಊರಿಗೆಲ್ಲ ಮಂಜು ಕವಿಸಿದರು, ಕೊನೆಗೆ ಆ ಮಂಜೇ ಆಟದ ಗುರುತಾಯಿತು. ಜೇಬಿನಲ್ಲೊಂದು ರೇಡಿಯೊ ಇರುತ್ತದೆ. ರಾಕ್ಷಸ ಹತ್ತಿರ ಬಂದಾಗ ಅದು ಗರಗರ ಎನ್ನತೊಡಗುತ್ತದೆ, ಯಾವ ದಿಕ್ಕಿನಿಂದ ಎಂದು ಹೇಳುವುದಿಲ್ಲ. ಮುನ್ಸೂಚನೆ ಕೊಟ್ಟೇ ಹೆಚ್ಚು ಹೆದರಿಸಬಹುದು ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಆಟ ವಿರಳ.

2001ರ ಎರಡನೆಯ ಭಾಗ ಇನ್ನೂ ಆಳಕ್ಕೆ ಹೋಯಿತು (ಇಲ್ಲಿ ಅದರ ಕೆಲವು ಗುಟ್ಟುಗಳು ಹೊರಬೀಳುತ್ತವೆ). ಜೇಮ್ಸ್ ಸಂಡರ್ಲೆಂಡ್ ಎಂಬಾತನಿಗೆ, ತೀರಿಕೊಂಡ ಹೆಂಡತಿ ಮೇರಿಯಿಂದ ಪತ್ರ ಬರುತ್ತದೆ. ನಮ್ಮ ವಿಶೇಷ ಜಾಗದಲ್ಲಿ ಕಾಯುತ್ತಿದ್ದೇನೆ ಎಂದು ಅದರಲ್ಲಿ ಬರೆದಿರುತ್ತದೆ. ಆತ ಹುಡುಕಿಕೊಂಡು ಬರುತ್ತಾನೆ. ಆ ಊರಿನಲ್ಲಿ ಎದುರಾಗುವ ವಿಕಾರಗಳು ಎಲ್ಲಿಂದಲೋ ಬಂದ ದೆವ್ವಗಳಲ್ಲ, ಆತನ ಮನಸ್ಸಿನಿಂದಲೇ ಇಳಿದು ಬಂದವು ಎಂಬುದು ನಿಧಾನವಾಗಿ ಅರಿವಿಗೆ ಬರುತ್ತದೆ. ತನ್ನ ಬಳಿಯಿರುವ ವಸ್ತುಗಳ ನಡುವೆ ಆ ಪತ್ರವನ್ನು ಆಗಾಗ ತೆರೆದು ನೋಡುವ ಆಟಗಾರನಿಗೆ ಒಂದು ಹಂತದಲ್ಲಿ ಅದರ ಅಕ್ಷರಗಳು ಮಾಸಿರುವುದು ಕಾಣುತ್ತದೆ, ಮುಂದೆ ಹಾಳೆಯೇ ಖಾಲಿಯಾಗಿರುತ್ತದೆ. ಆಟ ಅದನ್ನು ಎತ್ತಿ ತೋರಿಸುವುದಿಲ್ಲ, ಸಂಗೀತ ಬದಲಾಗುವುದಿಲ್ಲ. ನೋಡಿದವರಿಗೆ ಉಂಟು, ನೋಡದವರಿಗೆ ಇಲ್ಲ.

ಇದಕ್ಕಿಂತಲೂ ಅಂಜಿಕೆ ಹುಟ್ಟಿಸುವ ಸಂಗತಿಯೆಂದರೆ ಆಟವೇ ಆಟಗಾರನನ್ನು ಗಮನಿಸುತ್ತಿರುತ್ತದೆ. ಏಂಜೆಲಾ ಎಂಬ ಪಾತ್ರದಿಂದ ಪಡೆದ ಚಾಕುವನ್ನು ಸುಮ್ಮನೆ ತೆಗೆದು ನೋಡಿದ್ದು, ಗಾಯವಾದರೂ ಔಷಧ ಬಳಸದೆ ಹಾಗೆಯೇ ಅಲೆದದ್ದು, ಇವೆಲ್ಲ ಒಳಗೊಳಗೇ ಲೆಕ್ಕಕ್ಕೆ ಸೇರಿ ಕೊನೆಯಲ್ಲಿ ಯಾವ ಮುಕ್ತಾಯ ಸಿಗಬೇಕೆಂಬುದನ್ನು ತೀರ್ಮಾನಿಸುತ್ತವೆ. ಬದುಕಬೇಕೆಂಬ ಆಸೆ ಜೇಮ್ಸ್‌ನಿಗಿದೆಯೇ ಎಂಬುದನ್ನು ನಮ್ಮ ನಡವಳಿಕೆಯಿಂದ ಅಳೆಯುವ ಆಟವಿದು. ಅಳೆಯಲಾಗುತ್ತಿದೆ ಎಂಬುದೇ ನಮಗೆ ತಿಳಿದಿರುವುದಿಲ್ಲ. 2024ರಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ಇದನ್ನು ಹೊಸದಾಗಿ ನಿರ್ಮಿಸಿತು. ಹೊಸದು ಚೆನ್ನಾಗಿದೆ, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಡುತ್ತದೆ.

ನಾವು ಮಲೆನಾಡಿನವರು. ಮಂಜು, ಕತ್ತಲು, ಒಂಟಿ ಮನೆ ನಮಗೆ ದಿನನಿತ್ಯದವು. ನಮಗೂ ಇವು ಹೆದರಿಕೆ ತರುತ್ತವೆಯೇ?

ಮೂಡಿಗೆರೆಯ ಓದುಗರೊಬ್ಬರು ಕೇಳಿದ ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಬಂಡಿ ಓಡಿಸಿದವರಿಗೆ ಮಂಜಿನಲ್ಲಿ ಹತ್ತು ಅಡಿ ಮುಂದೆ ಏನಿದೆ ಎಂದು ಕಾಣದ ಸ್ಥಿತಿ ಹೊಸದಲ್ಲ. ಅಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ, ಎದುರಿನ ಬಸ್ಸಿನ ಹಾರನ್ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡುವುದೇ ಕೆಲಸ. ಆ ರೂಢಿಯೇ ಸೈಲೆಂಟ್ ಹಿಲ್‌ನಲ್ಲಿ ನಮ್ಮ ಮೇಲೆ ತಿರುಗಿ ಬೀಳುತ್ತದೆ. ಮಂಜನ್ನು ಚಿತ್ರದಲ್ಲಷ್ಟೇ ಕಂಡವರಿಗೆ ಅದೊಂದು ಅಲಂಕಾರವಾಗಿ ಕಂಡೀತು. ಮಂಜಿನಲ್ಲಿ ಸದ್ದನ್ನು ನಂಬಿ ನಡೆದವರಿಗೆ, ಆ ಸದ್ದೂ ಸುಳ್ಳು ಹೇಳತೊಡಗಿದಾಗ ಆಗುವ ದಿಗಿಲೇ ಬೇರೆ. ಆದ್ದರಿಂದ ಪರಿಚಯವಿದ್ದರೆ ಭಯ ಕಡಿಮೆ ಎಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ನಮ್ಮ ಕಡೆಯ ಜಾಗ, ನಮ್ಮ ಕತೆಗಳನ್ನು ಇಟ್ಟುಕೊಂಡು ಇಂಥ ಆಟ ಮಾಡಬಹುದೇ?

ಧಾರಾಳವಾಗಿ ಮಾಡಬಹುದು. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನೆನಪಿರಬಹುದು. ಆ ವದಂತಿಯ ದೆವ್ವ ಕಿರುಚುತ್ತಿರಲಿಲ್ಲ, ಮೇಲೆ ಬೀಳುತ್ತಿರಲಿಲ್ಲ. ರಾತ್ರಿ ಬಾಗಿಲು ತಟ್ಟಿ ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಿತ್ತು, ಬಾಗಿಲು ತೆರೆಯುವ ತೀರ್ಮಾನವನ್ನು ಒಳಗಿದ್ದವರಿಗೇ ಬಿಡುತ್ತಿತ್ತು. ಸೈಕಲಾಜಿಕಲ್ ಹಾರರ್ ಆಟಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ: ಗುರುತಿನ ದನಿ, ಅನುಮಾನ, ಕೈಗೆ ಸಿಗುವ ಚಿಲಕ.

ಜಾಗಗಳಿಗೂ ಕೊರತೆಯಿಲ್ಲ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯ ಅವಶೇಷವನ್ನೇ ತೆಗೆದುಕೊಳ್ಳಿ. ಒಂದೇ ಕಟ್ಟಡದ ಎರಡು ಅವಸ್ಥೆಗಳ ನಡುವೆ ಓಡಾಡುವ ಆಟವನ್ನು ಅಲ್ಲಿ ಕಲ್ಪಿಸುವುದು ಕಷ್ಟವಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಜನ ತೆರವಾದ ಕುದುರೆಮುಖದ ಟೌನ್‌ಶಿಪ್ಪಿಗೆ ಪ್ರತ್ಯೇಕವಾಗಿ ದೆವ್ವವನ್ನು ಸೇರಿಸುವ ಅಗತ್ಯವೂ ಇಲ್ಲ. ಮಾಡುವವರು ಅಲ್ಲಿ ಬಿಳಿ ಸೀರೆಯ ಹೆಂಗಸನ್ನು ತಂದು ಕಿರುಚಿಸದಿದ್ದರೆ ಸಾಕು.

ಪಾತ್ರಕ್ಕೆ ಹುಚ್ಚು ಹಿಡಿಸಿ ಹೆದರಿಸುವುದು ಮಾನಸಿಕ ಕಾಯಿಲೆಯನ್ನು ಹೀನಾಯವಾಗಿ ತೋರಿಸಿದಂತೆ ಆಗುವುದಿಲ್ಲವೇ?

ಅನೇಕ ಆಟಗಳಲ್ಲಿ ಹಾಗೆಯೇ ಆಗಿದೆ. ಪಾಳುಬಿದ್ದ ಮಾನಸಿಕ ಆಸ್ಪತ್ರೆ, ಅಲ್ಲಿ ಚಾಕು ಹಿಡಿದು ಅಟ್ಟಿಸಿಕೊಂಡು ಬರುವ ರೋಗಿ, ಇದು ಸವಕಲು ಮಾತ್ರವಲ್ಲ, ಕಾಯಿಲೆಯಿಂದ ನರಳುವವರಿಗೆ ಮಾಡುವ ಅಪಚಾರವೂ ಹೌದು. ಹೆಲ್‌ಬ್ಲೇಡ್ ಮಾಡಿದ ನಿಂಜಾ ಥಿಯರಿಯವರು ಬೇರೆ ದಾರಿ ಹಿಡಿದರು: ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಅವರ ಸಲಹೆ ಪಡೆದು, ಸೈಕೋಸಿಸ್ಸನ್ನು, ಅಂದರೆ ನಿಜ ಮತ್ತು ಭ್ರಮೆಯ ಗಡಿ ಅಳಿಸಿಹೋಗುವ ಮಾನಸಿಕ ಸ್ಥಿತಿಯನ್ನು, ಸ್ವತಃ ಅನುಭವಿಸಿದವರನ್ನು ಕೂರಿಸಿಕೊಂಡು ಕೆಲಸ ಮಾಡಿದರು. ನಾಯಕಿ ಸೆನುವಾಳಿಗೆ ಕೇಳುವ ದನಿಗಳನ್ನು ಬೈನಾರಲ್ ವಿಧಾನದಲ್ಲಿ, ಅಂದರೆ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಎರಡು ಕಿವಿಗಳಿಗೂ ತಿಳಿಯುವಂತೆ, ಮುದ್ರಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡರೆ ಒಬ್ಬಳು ಎಡಗಿವಿಯ ಹತ್ತಿರ ಹಂಗಿಸುತ್ತಾಳೆ, ಇನ್ನೊಬ್ಬಳು ಬೆನ್ನ ಹಿಂದೆ ಸುಳಿದು ಎಚ್ಚರಿಸುತ್ತಾಳೆ. ಅಲ್ಲಿ ಕಾಯಿಲೆ ರಾಕ್ಷಸನಲ್ಲ, ನಾವು ಅದರ ಒಳಗೆ ನಿಂತು ಜಗತ್ತನ್ನು ನೋಡುತ್ತೇವೆ.

ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡಿದರೆ ಸಾಲದೇ?

ಜಂಪ್ ಸ್ಕೇರ್ ಆಟವಾದರೆ ಸಾಕು; ಆಡುವವನು ಕಿರುಚಿ ಬೀಳುವುದನ್ನು ನೋಡುವುದೇ ಅಲ್ಲಿ ಅರ್ಧ ಮನರಂಜನೆ, ಇಂಥ ಆಟಗಳು ಇಷ್ಟೊಂದು ಹಬ್ಬಿದ್ದಕ್ಕೆ ಅಂಥ ವಿಡಿಯೊಗಳೂ ಒಂದು ಕಾರಣ. ಸೈಕಲಾಜಿಕಲ್ ಹಾರರ್ ಹಾಗೆ ತುಂಡಾಗಿ ಸಿಗುವುದಿಲ್ಲ. 2014ರಲ್ಲಿ ಗೇಮ್ ನಿರ್ಮಾತೃ ಹಿಡಿಯೊ ಕೊಜಿಮಾ ಮತ್ತು ಸಿನಿಮಾ ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ಸೇರಿ ತಂದ ಪಿ.ಟಿ. ಎಂಬ ಪುಟ್ಟ ಆಟದಲ್ಲಿ ಇರುವುದು ತಿರುವಿರುವ ಒಂದು ಕಾರಿಡಾರ್. ಅದರ ಕೊನೆಯ ಬಾಗಿಲನ್ನು ದಾಟಿದರೆ ಅದೇ ಕಾರಿಡಾರಿನ ಆರಂಭಕ್ಕೆ ಬರುತ್ತೇವೆ, ಪ್ರತಿ ಸುತ್ತಿನಲ್ಲೂ ಏನೋ ಒಂದಿಷ್ಟು ಬದಲಾಗಿರುತ್ತದೆ. ನೋಡುವವನಿಗೆ ಇದು ಪುನರಾವರ್ತನೆ. ಆಡುವವನಿಗೆ, ಈಗ ಆ ತಿರುವಿನಲ್ಲಿ ತಿರುಗಬೇಕಾದವನು ತಾನೇ. ಅದು ಮುನ್ನುಡಿಯಾಗಿದ್ದ ದೊಡ್ಡ ಆಟ ರದ್ದಾಗಿ, ಪಿ.ಟಿ.ಯನ್ನೂ 2015ರಲ್ಲಿ ಪ್ಲೇಸ್ಟೇಷನ್‌ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿದ್ದರಿಂದ, ಈಗ ಅದನ್ನು ವಿಡಿಯೊದಲ್ಲಿ ನೋಡುವುದೇ ಹೆಚ್ಚಿನವರಿಗೆ ಉಳಿದ ದಾರಿ ಎಂಬುದು ಬೇಸರದ ಸಂಗತಿ.

ಮೊದಲ ಸಲ ಆಡುವವರು ಯಾವುದರಿಂದ ಆರಂಭಿಸಬೇಕು?

ಹಳೆಯ ಲ್ಯಾಪ್‌ಟಾಪ್ ಇದ್ದರೆ ಅಮ್ನೀಶಿಯಾ. ಅಟ್ಟಾಡಿಸುವುದು ಬೇಡ, ಕತೆ ಬೇಕು ಎನ್ನುವವರಿಗೆ ಸೇಫ್ ಮೋಡಿನಲ್ಲಿ ಸೋಮಾ. ಜಂಪ್ ಸ್ಕೇರ್ ಎಂದರೇ ಆಗದವರು 2017ರ ಡಾರ್ಕ್‌ವುಡ್ ನೋಡಬಹುದು. ಜಂಪ್ ಸ್ಕೇರ್‌ಗಳ ಆಸರೆಯಿಲ್ಲದೆ ಹೆದರಿಸುತ್ತೇವೆಂದು ಹೇಳಿಕೊಂಡೇ ಮಾಡಿದ ಆಟ ಅದು. ಎಲ್ಲವನ್ನೂ ಮೇಲಿನಿಂದ ನೋಡುವ ಕೋನವಿದ್ದರೂ ಪಾತ್ರದ ಮುಂದಿರುವುದಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಹಗಲೆಲ್ಲ ಹಲಗೆ, ಪೆಟ್ರೋಲು ಕೂಡಿಸಿ, ಕತ್ತಲಾಗುವ ಮುನ್ನ ಕಿಟಕಿಗಳಿಗೆ ಹಲಗೆ ಬಡಿದು, ಜನರೇಟರ್ ಹಚ್ಚಿ, ಬೆಳಗಾಗುವವರೆಗೆ ಹೊರಗಿನ ಸದ್ದುಗಳನ್ನು ಕೇಳುತ್ತ ಕೂರಬೇಕು. ಸ್ಪೀಕರಿಗಿಂತ ಹೆಡ್‌ಫೋನ್ ಲೇಸು.

ಮಗ ಪಿಯುಸಿಯಲ್ಲಿದ್ದಾನೆ. ಆಡಲು ಬಿಡಬಹುದೇ?

ಇಲ್ಲಿ ಹೆಸರಿಸಿದವುಗಳಲ್ಲಿ ಹೆಚ್ಚಿನವು ವಯಸ್ಕರಿಗಾಗಿ ಮಾಡಿದವು. ಸೈಲೆಂಟ್ ಹಿಲ್ 2ಕ್ಕೆ ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರಿಗೆ ಎಂಬ ಶ್ರೇಣಿಯಿದೆ. ರಕ್ತ ಕಡಿಮೆಯಿದೆ ಎಂಬ ಕಾರಣಕ್ಕೆ ಸೌಮ್ಯವೆಂದು ತಿಳಿಯಬಾರದು. ಉಚಿತವಾಗಿ ಸಿಗುವ, ಮುದ್ದುಮುದ್ದಾದ ಬೊಂಬೆಚಿತ್ರಗಳಿರುವ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಆತ್ಮಹತ್ಯೆಯ ವಿಷಯವನ್ನು ನೇರವಾಗಿ ತೋರಿಸುತ್ತದೆ, ಮಕ್ಕಳಿಗೆ ತಕ್ಕದ್ದಲ್ಲವೆಂದು ಆರಂಭದಲ್ಲೇ ಹೇಳುತ್ತದೆ. ಚಿತ್ರ ನೋಡಿ ತೀರ್ಮಾನಿಸದೆ, ವಿಷಯ ಏನೆಂದು ವಿಚಾರಿಸಿ, ಸಾಧ್ಯವಾದರೆ ತಾವೂ ಪಕ್ಕದಲ್ಲಿ ಕುಳಿತು ನೋಡಿ.

ನಡುವೆ ಕರೆಂಟ್ ಹೋದರೆ ಆಡಿದ್ದೆಲ್ಲ ಹೋಗುತ್ತದೆಯೇ?

ಅದು ಯಾವ ಆಟ ಎಂಬುದನ್ನು ಅವಲಂಬಿಸಿದೆ. ತಾನಾಗಿಯೇ ಸೇವ್ ಮಾಡಿಕೊಳ್ಳುವ ಆಟಗಳಲ್ಲಿ ಚಿಂತೆಯಿಲ್ಲ. 2014ರ ಏಲಿಯನ್: ಐಸೊಲೇಶನ್‌ನಲ್ಲಿ ಮಾತ್ರ ಸೇವ್ ಮಾಡಲು ಗೋಡೆಯ ಮೇಲಿನ ಫೋನಿಗೆ ಕಾರ್ಡ್ ಹಾಕಿ, ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವವರೆಗೆ ಕಾಯಬೇಕು, ಆ ಕೆಲವು ಸೆಕೆಂಡುಗಳಲ್ಲೂ ಏಲಿಯನ್ ಬಂದು ಕೊಲ್ಲಬಹುದು, ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಕರೆಂಟ್ ಹೋದರೆ ಬಹುಮಟ್ಟಿಗೆ ಹಿಂದಿನ ಫೋನಿನಿಂದಲೇ ಮತ್ತೆ ಆರಂಭ. ಡೆಸ್ಕ್‌ಟಾಪಿನಲ್ಲಿ ಆಡುವವರು ಮಳೆಗಾಲಕ್ಕೆ ಮುಂಚೆ ಯುಪಿಎಸ್ ಬ್ಯಾಟರಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ, ಇಲ್ಲವಾದರೆ ಈ ಒಂದು ಆಟವನ್ನು ನವೆಂಬರಿಗೆ ಇಟ್ಟುಕೊಳ್ಳಲಿ.